ಹೆಬ್ಬೆಟ್ಟು ಒತ್ತುವ ಮುಂಚೆ: ಮನೆ ಮಾರುವವರಿಗೆ ರಿಜಿಸ್ಟ್ರೇಷನ್ ದಿನದ ತಯಾರಿ

ಮನೆ ಕೊಳ್ಳುವವರಿಗೆ ಬುದ್ಧಿ ಹೇಳಲು ಊರೆಲ್ಲ ಇದ್ದಾರೆ. ವಕೀಲರು, ಬ್ಯಾಂಕಿನವರು, ಮಾವನ ಮನೆಯವರು, ಪಕ್ಕದ ಸೀಟಿನ ಸಹೋದ್ಯೋಗಿ. ಮಾರುವವರನ್ನು ಮಾತ್ರ ಯಾರೂ ಕೇಳುವುದಿಲ್ಲ. "ನಿಮಗೇನು ಬಿಡಿ ಸಾರ್, ಬಂದು ಸಹಿ ಹಾಕಿದರೆ ಆಯ್ತು" ಎಂದು ಬ್ರೋಕರ್ ನಗುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಬೆಂಗಳೂರಿನ ನಮ್ಮ 30-40 ಸೈಟಿನ ಮನೆ ಮಾರಿದಾಗ, ಸಬ್ ರಿಜಿಸ್ಟ್ರಾರ್ ಆಫೀಸಿನ ಕೌಂಟರ್ ಮುಂದೆ ನನ್ನ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಆ ಇಪ್ಪತ್ತು ನಿಮಿಷಕ್ಕಾಗಿ ಏಳು ವಾರ ಓಡಾಡಿದ್ದೆ.

ಮಾರುವವರ ಕೈಯಿಂದ ಹೋಗುವುದು ಮೂರು: ಸಹಿ, ಮೂಲ ಪತ್ರಗಳು, ಬೀಗದ ಕೈ. ಒಳಗೆ ಬರುವುದು ಒಂದೇ, ದುಡ್ಡು. ಇದರಲ್ಲಿ ಯಾವುದು ಮುಂಚೆ, ಯಾವುದು ಆಮೇಲೆ ಎಂಬ ಸರದಿ ತಪ್ಪಬಾರದು. ಒಮ್ಮೆ ಹೆಬ್ಬೆಟ್ಟು ಒತ್ತಿ ಪತ್ರ ನೋಂದಣಿಯಾದ ಮೇಲೆ "ಒಂದು ನಿಮಿಷ, ಇದೊಂದು ಸರಿಮಾಡಿ" ಎನ್ನಲು ಆಗುವುದಿಲ್ಲ. ಸರಿಮಾಡುವುದೆಲ್ಲ ಅದಕ್ಕೆ ಮುಂಚೆಯೇ ಆಗಬೇಕು. ಕೆಳಗೆ ಬರೆದಿರುವುದು ಕರ್ನಾಟಕದ ಕ್ರಮ. ಬೆಂಗಳೂರಿನ ಅನುಭವ ಸ್ವಲ್ಪ ಜಾಸ್ತಿ ಬಂದಿದೆ.

ಮೊದಲು ನಿಮ್ಮ ಮನೆಯ ಇಸಿ ನೀವೇ ತೆಗೆಸಿ

ಋಣಭಾರ ಪತ್ರ, ಅಂದರೆ ಇಸಿ, ಮನೆಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ಪಟ್ಟಿ. ಅದು ಕೊಳ್ಳುವವರು ನೋಡುವ ಕಾಗದ ಎಂದು ನಾವು ಸುಮ್ನೆ ಇರುತ್ತೇವೆ. ಅವರಿಗಿಂತ ಮುಂಚೆ ನೀವು ನೋಡಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ 2004ರಿಂದ ಈಚಿನ ಇಸಿ ಮನೆಯಲ್ಲೇ ಕೂತು ತೆಗೆಯಬಹುದು. ವ್ಯವಹಾರಗಳೇನಾದರೂ ಇದ್ದರೆ ಫಾರಂ 15ರಲ್ಲಿ ಬರುತ್ತದೆ, ಏನೂ ಇಲ್ಲದಿದ್ದರೆ ಫಾರಂ 16.

ನಾನು ತೆಗೆಸಿದ್ದು ಅಡ್ವಾನ್ಸ್ ತಗೊಂಡ ಮೇಲೆ. ಅದೇ ತಪ್ಪು. ಎಂಟು ವರ್ಷದ ಹಿಂದೆ ತೀರಿಸಿದ ಸಾಲ ಇಸಿಯಲ್ಲಿ ಇನ್ನೂ ಹಾಗೇ ಕೂತಿತ್ತು. ಸಾಲ ಕೊಡುವಾಗ ಬ್ಯಾಂಕಿನವರು ಪತ್ರಗಳ ಅಡಮಾನವನ್ನು ನೋಂದಣಿ ಮಾಡಿಸಿಕೊಂಡಿದ್ದರು. ಸಾಲ ತೀರಿದಾಗ ಪತ್ರ ವಾಪಸ್ ಕೊಟ್ಟರು, ಬಾಕಿ ಇಲ್ಲ, ಆಕ್ಷೇಪಣೆ ಇಲ್ಲ ಎಂಬ ಎನ್‌ಒಸಿ ಕೊಟ್ಟರು. ನಾನು ಸಿಹಿ ಹಂಚಿ ಮನೆಗೆ ಬಂದೆ. ಆದರೆ ಅಡಮಾನ ರದ್ದಾಗಿದೆ ಎಂಬ ಪತ್ರವನ್ನೂ ನೋಂದಣಿ ಮಾಡಿಸಬೇಕು ಎಂದು ಅವರು ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ಎಂಟು ವರ್ಷದ ಮೇಲೆ ಆ ಶಾಖೆಗೆ ಹೋದರೆ ಪರಿಚಯದ ಮುಖ ಒಂದೂ ಇಲ್ಲ. ಬ್ಯಾಂಕಿನ ಅಧಿಕಾರಿಯೊಬ್ಬರು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಸಹಿ ಹಾಕುವಷ್ಟರಲ್ಲಿ ಮೂರು ವಾರ ಕಳೆಯಿತು. ಕೊಳ್ಳುವವರಿಗೆ ಸಾಲ ಕೊಡುವ ಬ್ಯಾಂಕ್ ಅಲ್ಲಿಯವರೆಗೆ ಫೈಲು ಮುಟ್ಟಲಿಲ್ಲ.

ಆದ್ದರಿಂದ ಮನೆ ಮಾರಾಟಕ್ಕಿದೆ ಎಂದು ಬೋರ್ಡ್ ಹಾಕುವ ದಿನವೇ ಇಸಿ ತೆಗೆಸಿ.

ಇ-ಖಾತಾ ಇಲ್ಲದೆ ಮುಂದಕ್ಕೆ ಹೋಗದು

ಖಾತಾ ಎಂದರೆ ಸ್ಥಳೀಯ ಸಂಸ್ಥೆಯ ಪುಸ್ತಕದಲ್ಲಿ ಮನೆ ಯಾರ ಹೆಸರಲ್ಲಿದೆ ಎಂಬ ದಾಖಲೆ, ಇ-ಖಾತಾ ಅದರ ಡಿಜಿಟಲ್ ರೂಪ. ಈಗ ಇ-ಖಾತಾ ಇಲ್ಲದ ಸ್ವತ್ತಿನ ಮಾರಾಟ ನೋಂದಣಿ ಆಗುವುದಿಲ್ಲ. ಬೆಂಗಳೂರಿನಲ್ಲಿ ಇದು 2024ರ ಕೊನೆಯ ಭಾಗದಲ್ಲಿ ಕಡ್ಡಾಯವಾಯಿತು. ಹಳ್ಳಿಯ ಕಡೆ ಇ-ಸ್ವತ್ತು, ಉಳಿದ ಪಟ್ಟಣಗಳಲ್ಲಿ ಇ-ಆಸ್ತಿ. ಕಾಗದದ ಹಳೇ ಖಾತಾ ಎಷ್ಟೇ ಜತನವಾಗಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದರೂ ಇಲ್ಲಿ ನಡೆಯುವುದಿಲ್ಲ.

ಬೆಂಗಳೂರಿನ ಇ-ಖಾತಾಗೆ ಮಾಲೀಕರ ಆಧಾರ್, ಕ್ರಯಪತ್ರ, ಇಸಿ, ಆಸ್ತಿ ತೆರಿಗೆಯ ವಿವರ, ಬೆಸ್ಕಾಂ ಖಾತೆ ಸಂಖ್ಯೆ, ಮನೆಯ ಫೋಟೋ ಬೇಕು. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಇವತ್ತಿಗೂ ಚಾಲ್ತಿಯಲ್ಲಿದೆಯಾ ನೋಡಿಕೊಳ್ಳಿ. ಇದು ಚಿಕ್ಕ ಮಾತಲ್ಲ. ನಮ್ಮ ಅಮ್ಮನ ಆಧಾರ್‌ಗೆ ಇದ್ದದ್ದು ತಮ್ಮ ಕಾಲೇಜಿಗೆ ಹೋಗುವಾಗ ಬಳಸುತ್ತಿದ್ದ ನಂಬರ್. ಒಟಿಪಿ ಯಾರಿಗೆ ಹೋಗುತ್ತಿತ್ತೋ ದೇವರೇ ಬಲ್ಲ.

ಇ-ಖಾತಾ ಕೈಗೆ ಬಂದ ಮೇಲೆ ಅಳತೆ ನೋಡಿ. ಕ್ರಯಪತ್ರ ಚದರ ಅಡಿಯಲ್ಲಿ ಮಾತಾಡುತ್ತದೆ, ಇ-ಖಾತಾದಲ್ಲಿ ಚದರ ಮೀಟರ್ ಬರಬಹುದು. 1,200 ಚದರ ಅಡಿ ಎಂದರೆ ಸುಮಾರು 111.5 ಚದರ ಮೀಟರ್. ಅದಕ್ಕಿಂತ ತುಂಬ ಹೆಚ್ಚುಕಡಿಮೆ ಇದ್ದರೆ ಈಗಲೇ ತಿದ್ದುಪಡಿಗೆ ಅರ್ಜಿ ಹಾಕಿ.

ಒಬ್ಬರೇ ಮನುಷ್ಯ, ಮೂರು ಹೆಸರು

ನಮ್ಮ ಕಡೆಯ ದೊಡ್ಡ ತಲೆನೋವು ಇನಿಷಿಯಲ್. ಪ್ಯಾನ್ ಕಾರ್ಡಿನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಬಿಡಿಸಿ ಉದ್ದಕ್ಕೆ ಬರೆದಿರುತ್ತದೆ. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ ಬಿದ್ದಿರುತ್ತದೆ. ಇಪ್ಪತ್ತೈದು ವರ್ಷದ ಹಿಂದಿನ ಕ್ರಯಪತ್ರದಲ್ಲಿ ಅದು ಮುಂದೆ. ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಓದಿ. ಆಧಾರ್ ಅಥವಾ ಪ್ಯಾನ್ ತಿದ್ದಿಸಲು ಸಮಯವಿದ್ದರೆ ತಿದ್ದಿಸಿ. ಇಲ್ಲದಿದ್ದರೆ ಕ್ರಯಪತ್ರದಲ್ಲೇ "ಉರುಫ್" ಹಾಕಿ ಎರಡೂ ಹೆಸರು ಬರೆಸಿ, ಎರಡೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸಿಡಿ. ಪ್ಯಾನ್ ಆಧಾರ್‌ಗೆ ಜೋಡಣೆಯಾಗಿದೆಯಾ ಎಂದೂ ನೋಡಿ. ಪ್ಯಾನ್ ನಿಷ್ಕ್ರಿಯವಾಗಿದ್ದರೆ ಕೊಳ್ಳುವವರು ನಿಮಗೆ ಕೊಡುವ ದುಡ್ಡಿನಲ್ಲಿ ಶೇ 1ರ ಬದಲು ಶೇ 20ರಷ್ಟು ತೆರಿಗೆ ಹಿಡಿಯುವ ಪರಿಸ್ಥಿತಿ ಬರುತ್ತದೆ.

ಸಹಿ ಹಾಕಬೇಕಾದವರು ಎಲ್ಲೆಲ್ಲಿದ್ದಾರೆ?

ಮನೆ ನಿಮ್ಮೊಬ್ಬರ ಹೆಸರಲ್ಲಿ, ನಿಮ್ಮ ಸ್ವಂತ ದುಡಿಮೆಯಲ್ಲಿ ಕೊಂಡದ್ದಾದರೆ ಈ ಭಾಗ ಬಿಟ್ಟು ಮುಂದಕ್ಕೆ ಹೋಗಿ. ಗಂಡ ಹೆಂಡತಿ ಇಬ್ಬರ ಹೆಸರಲ್ಲಿದ್ದರೆ ಇಬ್ಬರೂ ಬರಬೇಕು. ಅಪ್ಪನಿಂದ ಬಂದ ಮನೆಯಾದರೆ ಎಲ್ಲ ವಾರಸುದಾರರೂ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಎಂದು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಹೇಳಿ ಇಷ್ಟು ವರ್ಷವಾಯಿತು. ಆದರೂ "ಅಕ್ಕನಿಗೆ ಮದುವೆಯಲ್ಲಿ ಕೊಟ್ಟಾಯ್ತಲ್ಲ" ಎನ್ನುವವರು ಇದ್ದಾರೆ. ಕೊಳ್ಳುವವರ ವಕೀಲರು ಮೊದಲು ಕೇಳುವುದೇ ವಂಶವೃಕ್ಷ. ಅಕ್ಕನ ಜೊತೆ ಕೂತು ಮಾತಾಡಬೇಕಾದದ್ದು ಅಡ್ವಾನ್ಸ್ ತಗೊಳ್ಳುವ ಮುಂಚೆ.

ಅಣ್ಣನೋ ತಂಗಿಯೋ ಅಮೆರಿಕದಲ್ಲೋ ದುಬೈನಲ್ಲೋ ಇದ್ದರೆ ಅಧಿಕಾರ ಪತ್ರ ಬೇಕಾಗುತ್ತದೆ. ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಣ ಮಾಡಿಸಿ ಕಳಿಸಬೇಕು. ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಬೇಕು. ದೂತಾವಾಸದ ಅಪಾಯಿಂಟ್‌ಮೆಂಟ್, ಕೊರಿಯರ್ ಎಲ್ಲ ಸೇರಿ ಎರಡು ತಿಂಗಳು ಇಟ್ಟುಕೊಳ್ಳಿ. ಯಾವ ಮನೆ, ಯಾವ ಅಧಿಕಾರ ಎಂದು ಆ ಪತ್ರದಲ್ಲಿ ಬಿಡಿಸಿ ಬರೆದಿರಲಿ. ಕೊಳ್ಳುವವರ ಬ್ಯಾಂಕಿಗೆ ಅದರ ಕರಡು ಮುಂಚೆಯೇ ತೋರಿಸಿ.

ವಯಸ್ಸಾದವರು, ಹಾಸಿಗೆ ಹಿಡಿದವರು ಇದ್ದರೆ ಅವರನ್ನು ಮೆಟ್ಟಿಲು ಹತ್ತಿಸಿ ಗೋಳಾಡಿಸಬೇಡಿ. ನೋಂದಣಿ ಕಾಯ್ದೆಯಲ್ಲೇ ಅಧಿಕಾರಿ ಮನೆಗೆ ಬಂದು ಹೆಬ್ಬೆಟ್ಟು ಪಡೆಯುವ ಅವಕಾಶವಿದೆ. ಮುಂಚಿತವಾಗಿ ಅರ್ಜಿ ಕೊಟ್ಟು ಶುಲ್ಕ ಕಟ್ಟಬೇಕು, ಅಷ್ಟೇ.

ಸಾಲ ಇನ್ನೂ ನಡೆಯುತ್ತಿದ್ದರೆ

ಸಾಲವಿರುವ ಮನೆ ಮಾರಬಾರದು ಎಂದೇನಿಲ್ಲ. ಬೇಕಾದಷ್ಟು ಮನೆ ಹಾಗೇ ಕೈ ಬದಲಾಗುತ್ತವೆ. ನಿಮ್ಮ ಬ್ಯಾಂಕಿನಿಂದ ಎರಡು ಕಾಗದ ತಗೊಳ್ಳಿ. ಒಂದು, ಇಂಥ ದಿನಕ್ಕೆ ಇಷ್ಟು ಕಟ್ಟಿದರೆ ಸಾಲ ತೀರುತ್ತದೆ ಎಂಬ ಫೋರ್‌ಕ್ಲೋಷರ್ ಲೆಟರ್. ಇನ್ನೊಂದು, ಬ್ಯಾಂಕಿನ ಬಳಿ ಯಾವ್ಯಾವ ಮೂಲ ಪತ್ರಗಳಿವೆ ಎಂಬ ಪಟ್ಟಿ. ಕೊಳ್ಳುವವರ ಬ್ಯಾಂಕ್ ಇವೆರಡನ್ನು ನೋಡಿ, ಒಂದು ಡಿಡಿ ನೇರ ನಿಮ್ಮ ಸಾಲದ ಖಾತೆಗೆ, ಉಳಿದದ್ದು ನಿಮ್ಮ ಹೆಸರಿಗೆ ಎಂದು ಮಾಡುತ್ತದೆ. ಫೋರ್‌ಕ್ಲೋಷರ್ ಮೊತ್ತ ದಿನದ ಬಡ್ಡಿಯಿಂದ ಬೆಳೆಯುತ್ತಲೇ ಇರುತ್ತದೆ. ನೋಂದಣಿ ವಾರ ಮುಂದೆ ಹೋದರೆ ಹೊಸ ಲೆಟರ್ ಬೇಕು. ಬಡ್ಡಿದರ ಬದಲಾಗುತ್ತಾ ಹೋಗುವ ಗೃಹಸಾಲವನ್ನು ನೀವು ವೈಯಕ್ತಿಕವಾಗಿ ತಗೊಂಡಿದ್ದರೆ, ಮುಂಚೆ ತೀರಿಸಿದ್ದಕ್ಕೆ ದಂಡ ಹಾಕುವಂತಿಲ್ಲ. ಹಾಕಿದ್ದರೆ ಪ್ರಶ್ನಿಸಿ.

ಪೂರ್ತಿ ತೀರಿಸಿದ ಮೇಲೆ 30 ದಿನದೊಳಗೆ ಮೂಲ ಪತ್ರ ವಾಪಸ್ ಕೊಡಬೇಕು, ತಪ್ಪಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶ ಮಾಡಿದೆ. ಅಂದರೆ ಸಾಲ ತೀರಿದ ಮಾರನೇ ದಿನವೇ ಪತ್ರ ಸಿಗುತ್ತದೆ ಎಂದಲ್ಲ. ಬಹಳಷ್ಟು ಬ್ಯಾಂಕುಗಳ ಪತ್ರಗಳು ಶಾಖೆಯಲ್ಲಿ ಇರುವುದೇ ಇಲ್ಲ, ಬೇರೆಲ್ಲೋ ಇರುವ ಉಗ್ರಾಣದಿಂದ ತರಿಸಬೇಕು. ಕರಾರಿನಲ್ಲಿ ದಿನ ಲೆಕ್ಕ ಹಾಕುವಾಗ ಇದು ನೆನಪಿರಲಿ.

ದುಡ್ಡು

ಇಲ್ಲಿ ನಿಧಾನವಾಗಿ ಓದಿ.

ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಕೊಳ್ಳುವವರದು. 45 ಲಕ್ಷಕ್ಕಿಂತ ಮೇಲಿನ ಮನೆಗೆ ಮುದ್ರಾಂಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಒಂದು ಕೋಟಿಯ ಮನೆಗೆ ಅವರ ಜೇಬಿನಿಂದ 7.6 ಲಕ್ಷ ಹೋಗುತ್ತದೆ. ಇದನ್ನೇಕೆ ಹೇಳಿದೆ ಎಂದರೆ, ಇದೇ ಭಾರ ಇಳಿಸಿಕೊಳ್ಳಲು "ಪತ್ರದಲ್ಲಿ ಸ್ವಲ್ಪ ಕಮ್ಮಿ ತೋರಿಸೋಣ, ಮಿಕ್ಕಿದ್ದು ಕ್ಯಾಶ್ ಕೊಡ್ತೀವಿ" ಎಂಬ ಮಾತು ಬರುತ್ತದೆ. ಒಪ್ಪಬೇಡಿ. ಆಸ್ತಿ ಮಾರಾಟದಲ್ಲಿ 20,000 ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಂಡರೆ, ತಗೊಂಡಷ್ಟೇ ಮೊತ್ತದ ದಂಡ ಬೀಳುವುದು ತಗೊಂಡವರ ಮೇಲೆ. ಅಂದರೆ ನಿಮ್ಮ ಮೇಲೆ. ಕೊಟ್ಟವರು ಶುಲ್ಕ ಉಳಿಸಿಕೊಂಡು ಹೋಗುತ್ತಾರೆ, ನೀವು ಮನೆಯಲ್ಲಿ ನೋಟಿನ ಕಟ್ಟು ಇಟ್ಟುಕೊಂಡು ನಿದ್ದೆಗೆಡುತ್ತೀರಿ.

ಸರ್ಕಾರದ ಮಾರ್ಗಸೂಚಿ ಬೆಲೆಯನ್ನೂ, ಅಂದರೆ ನಿಮ್ಮ ಜಾಗಕ್ಕೆ ಸರ್ಕಾರವೇ ಗೊತ್ತುಮಾಡಿರುವ ಕನಿಷ್ಠ ಬೆಲೆಯನ್ನೂ ನೋಡಿ. ನಿಮ್ಮ ಮಾರಾಟದ ಬೆಲೆಗಿಂತ ಅದು ಶೇ 10ಕ್ಕಿಂತ ಜಾಸ್ತಿ ಇದ್ದರೆ, ಲಾಭದ ತೆರಿಗೆಯನ್ನು ಆ ಬೆಲೆಯ ಮೇಲೇ ಲೆಕ್ಕ ಹಾಕುತ್ತಾರೆ.

ಇನ್ನು ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಕೊಳ್ಳುವವರು ಶೇ 1 ಹಿಡಿದು ಸರ್ಕಾರಕ್ಕೆ ಕಟ್ಟಬೇಕು. 50 ಲಕ್ಷದ ಮೇಲಿನ ಭಾಗಕ್ಕಲ್ಲ, ಪೂರ್ತಿ ಬೆಲೆಗೆ. ಕೋಟಿಯ ಮನೆಯಾದರೆ ನಿಮ್ಮ ಕೈಗೆ 99 ಲಕ್ಷ ಬರುತ್ತದೆ. ಒಂದು ಲಕ್ಷ ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮಾ ಆಗುತ್ತದೆ. ಕಟ್ಟಿದ ಚಲನ್‌ನ ಪ್ರತಿಯನ್ನು ನೋಂದಣಿ ದಿನಕ್ಕೆ ಮುಂಚೆ ಕೇಳಿ ತಗೊಳ್ಳಿ. ಮಾರುವವರು ಅನಿವಾಸಿಯಾದರೆ ಕಥೆ ಬೇರೆ. ಎರಡು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡ ಮನೆಗೆ ಶೇ 12.5, ಅದರ ಮೇಲೆ ಸರ್‌ಚಾರ್ಜ್ ಮತ್ತು ಸೆಸ್. ಅದನ್ನೂ ಸಾಮಾನ್ಯವಾಗಿ ಲಾಭದ ಮೇಲಲ್ಲ, ಪೂರ್ತಿ ಬೆಲೆಯ ಮೇಲೇ ಹಿಡಿಯುತ್ತಾರೆ. ಕಮ್ಮಿ ಹಿಡಿಯುವಂತೆ ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ಪಡೆಯಬಹುದು. ಆದರೆ ಅರ್ಜಿ ಹಾಕಬೇಕಾದದ್ದು ದುಡ್ಡು ಕೈ ಬದಲಾಗುವ ಮುಂಚೆ. ವಿದೇಶದಲ್ಲಿರುವ ಕನ್ನಡಿಗರು ಇಲ್ಲಿ ಎಡವುವುದನ್ನು ಬಹಳ ನೋಡಿದ್ದೇನೆ.

ಎಷ್ಟು ದುಡ್ಡು, ಯಾವ ರೂಪದಲ್ಲಿ, ಯಾವ ಬ್ಯಾಂಕಿನದು, ಯಾವ ನಂಬರಿನದು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅಡ್ವಾನ್ಸ್, ಟಿಡಿಎಸ್, ಡಿಡಿ, ಆರ್‌ಟಿಜಿಎಸ್ (ಬ್ಯಾಂಕಿನಿಂದ ಬ್ಯಾಂಕಿಗೆ ನೇರ ವರ್ಗಾವಣೆ) ಎಲ್ಲ ಕೂಡಿದಾಗ ಒಪ್ಪಿದ ಬೆಲೆಗೆ ಸರಿಯಾಗಿ ಬರಬೇಕು. ಇದೇ ಲೆಕ್ಕ ಕ್ರಯಪತ್ರದೊಳಗೂ ಬರಬೇಕು.

ಕರಡನ್ನು ಗಟ್ಟಿಯಾಗಿ ಓದಿ

ಕ್ರಯಪತ್ರವನ್ನು ಬರೆಸುವುದು ಕೊಳ್ಳುವವರ ವಕೀಲರು. ಹಾಗೆಂದು ಅದನ್ನು ಅವರಿಗೇ ಬಿಟ್ಟುಬಿಡಬೇಡಿ. ನಾವು ಊಟದ ಮೇಜಿನ ಸುತ್ತ ಕೂತೆವು. ನಾನು ಹೊಸ ಕರಡು ಓದುತ್ತಿದ್ದೆ, ಹೆಂಡತಿ ಹಳೇ ಪತ್ರ ಹಿಡಿದು ತಾಳೆ ನೋಡುತ್ತಿದ್ದಳು. ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕೂ ದಿಕ್ಕಿನ ಗಡಿಯ ವಿವರದಲ್ಲಿ, ಪೂರ್ವ ಪಶ್ಚಿಮ ಅದಲುಬದಲಾಗಿತ್ತು. ರಸ್ತೆ ನಮ್ಮ ಮನೆಯ ಹಿಂದೆ ಹೋಗಿತ್ತು! ನೋಂದಣಿ ಆದ ಮೇಲೆ ಗೊತ್ತಾಗಿದ್ದರೆ ಎರಡೂ ಕಡೆಯವರು ಮತ್ತೆ ಬಂದು ತಿದ್ದುಪಡಿ ಪತ್ರ ಮಾಡಿಸಬೇಕಿತ್ತು.

ಮಾರುವವರು ಮುಖ್ಯವಾಗಿ ನೋಡಬೇಕಾದ ಸಾಲುಗಳು ಕೆಲವಿವೆ. ಸ್ವಾಧೀನ ಯಾವತ್ತು ಕೊಡುತ್ತೀರಿ? "ಈ ದಿನ ಖಾಲಿ ಸ್ವಾಧೀನ ಕೊಟ್ಟಿದ್ದೇವೆ" ಎಂದು ಬರೆದಿದ್ದರೆ ಅವತ್ತು ಮನೆ ಖಾಲಿ ಇರಲೇಬೇಕು. ಮಕ್ಕಳ ಪರೀಕ್ಷೆ ಮುಗಿಯುವ ತನಕ ಇರುತ್ತೀರಾದರೆ ಅದನ್ನು ಬರಹದಲ್ಲಿ ಬೇರೆ ಮಾಡಿಕೊಳ್ಳಿ, ಬಾಯಿಮಾತು ಬೇಡ. ಮನೆಯಲ್ಲಿ ಲೀಸಿಗೆ ಇದ್ದವರಿದ್ದರೆ ಅವರ ದುಡ್ಡು ಯಾರು ವಾಪಸ್ ಕೊಡಬೇಕು? ಫ್ಲ್ಯಾಟ್ ಆದರೆ ಪಾರ್ಕಿಂಗ್ ಷೆಡ್ಯೂಲಿನಲ್ಲಿ ಬಂದಿದೆಯಾ, ಅಸೋಸಿಯೇಷನ್‌ನ ಕಾರ್ಪಸ್ ಫಂಡ್‌ಗೆ (ಕಟ್ಟಡದ ಖರ್ಚಿಗೆಂದು ಕೂಡಿಟ್ಟ ನಿಧಿ) ನೀವು ಕಟ್ಟಿದ ದುಡ್ಡು ನಿಮಗೆ ಬರಬೇಕಾ, ಅವರಿಗೆ ಹೋಗುತ್ತದಾ? ಮನೆಯೊಳಗೆ ಬಿಟ್ಟುಹೋಗುವ ವಸ್ತುಗಳ ಪಟ್ಟಿ ಕೂಡ ಮಾಡಿ. ಸೋಲಾರ್, ಯುಪಿಎಸ್, ಚಿಮಣಿ, ಫ್ಯಾನು. ಕೋಟಿ ರೂಪಾಯಿ ವ್ಯವಹಾರ ಹೂವಿನಂತೆ ನಡೆದು, ಕೊನೆಗೆ ಎರಡು ಫ್ಯಾನಿಗೆ ಮುಖ ಕೆಡಿಸಿಕೊಂಡವರನ್ನು ನೋಡಿದ್ದೇನೆ.

ಸ್ಲಾಟ್ ಮತ್ತು ರಾಹುಕಾಲ

ಕಾವೇರಿ 2.0 ಬಂದ ಮೇಲೆ ಕರಡು ಮತ್ತು ದಾಖಲೆ ಮೊದಲೇ ಆನ್‌ಲೈನ್‌ನಲ್ಲಿ ಹೋಗುತ್ತವೆ. ಅಧಿಕಾರಿ ನೋಡಿ ಒಪ್ಪಿದ ಮೇಲೆ ಶುಲ್ಕ ಕಟ್ಟುವುದು, ಆಮೇಲೆ ಸ್ಲಾಟ್. ಕಚೇರಿಯಲ್ಲಿ ಉಳಿಯುವುದು ಫೋಟೋ, ಹೆಬ್ಬೆಟ್ಟು, ಸಹಿ. ಮುಂಚಿನಂತೆ ಬೆಳಗ್ಗೆ ಹೋಗಿ ಸಂಜೆವರೆಗೆ ಬೆಂಚು ಕಾಯುವುದು ಕಮ್ಮಿಯಾಗಿದೆ. ಸರ್ವರ್ ಕೈಕೊಟ್ಟ ದಿನ ಮಾತ್ರ ಎಲ್ಲ ಹಳೇ ಕಾಲವೇ.

ಆಷಾಢದಲ್ಲಿ ಕೊಳ್ಳುವವರು ಬರುವುದಿಲ್ಲ. ವಾದ ಮಾಡಬೇಡಿ, ಅದು ಅವರ ಹೊಸ ಮನೆ. ದಿನ ಗೊತ್ತುಮಾಡುವಾಗ ರಾಹುಕಾಲವನ್ನೂ ನೀವೇ ನೋಡಿಬಿಡಿ. ಇಲ್ಲದಿದ್ದರೆ ಶುಕ್ರವಾರ 11 ಗಂಟೆಗೆ ಸ್ಲಾಟ್ ಹಿಡಿದು, ಎಲ್ಲರೂ ಬಾಗಿಲಲ್ಲಿ ನಿಂತು 12 ಹೊಡೆಯುವುದನ್ನು ಕಾಯಬೇಕಾಗುತ್ತದೆ. ನನ್ನ ಆಯ್ಕೆ ಗುರುವಾರ ಬೆಳಗ್ಗೆ. ರಾಹುಕಾಲ ಒಂದೂವರೆಗೆ ಶುರು. ಏನಾದರೂ ಎಡವಟ್ಟಾದರೆ ಬ್ಯಾಂಕು ತೆರೆದಿರುವ ಶುಕ್ರವಾರ ಕೈಯಲ್ಲಿದೆ.

ಹಿಂದಿನ ಸಂಜೆ

ಒಂದೇ ಚೀಲ ಮಾಡಿ. ಅಸಲು ಆಧಾರ್, ಪ್ಯಾನ್, ನಿಮ್ಮ ಹೆಸರಿನ ಕ್ರಯಪತ್ರ, ಅದರ ಹಿಂದಿನ ಮೂಲ ಪತ್ರಗಳು, ಇ-ಖಾತಾ, ಈ ವರ್ಷದ ಕಂದಾಯ ರಸೀದಿ, ಇಸಿ, ಬ್ಯಾಂಕಿನ ಎನ್‌ಒಸಿ, ಅಸೋಸಿಯೇಷನ್‌ನ ಬಾಕಿ ಇಲ್ಲ ಎಂಬ ಪತ್ರ. ಎಲ್ಲದರ ಸ್ಕ್ಯಾನ್ ತೆಗೆದು ನಿಮ್ಮ ಬಳಿ ಇಟ್ಟುಕೊಳ್ಳಿ. ನಾಳೆ ಮೂಲಗಳು ಹೋಗುತ್ತವೆ, ಆದಾಯ ತೆರಿಗೆಗೆ ನೀವು ಕೊಂಡ ಬೆಲೆಯ ದಾಖಲೆ ಆಮೇಲೂ ಬೇಕು. ಕೊಡುವ ಪತ್ರಗಳ ಪಟ್ಟಿ ಎರಡು ಪ್ರತಿ ಟೈಪ್ ಮಾಡಿಸಿ. ಒಂದರ ಮೇಲೆ ಕೊಳ್ಳುವವರ ಸಹಿ ಪಡೆಯಲು.

ಡಿಡಿಯ ಫೋಟೋ ಮುಂಚಿನ ದಿನವೇ ಕಳಿಸಲು ಹೇಳಿ. ನಂಬರ್ ಹಿಡಿದು ಆ ಶಾಖೆಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಶಾಖೆಯ ಫೋನ್ ನಂಬರನ್ನು ಬ್ಯಾಂಕಿನ ವೆಬ್‌ಸೈಟಿನಲ್ಲಿ ನೀವೇ ಹುಡುಕಿ, ಅವರು ಕೊಟ್ಟದ್ದಕ್ಕೆ ಅಲ್ಲ. ಅನುಮಾನ ಅಂತಲ್ಲ, ಲೆಕ್ಕ ಲೆಕ್ಕವೇ.

ಆ ದಿನ

ಅರ್ಧ ಗಂಟೆ ಮುಂಚೆ ಹೋಗಿ. ಇಬ್ಬರು ಸಾಕ್ಷಿಗಳು ಗುರುತಿನ ಚೀಟಿ ಸಮೇತ ಬಂದಿದ್ದಾರಾ ನೋಡಿ. ಮುದ್ರಿಸಿದ ಪತ್ರ ನೀವು ಒಪ್ಪಿದ ಕರಡೇ ಹೌದಾ ಎಂದು ಇನ್ನೊಮ್ಮೆ ಹಾಳೆ ಮಗುಚಿ: ಹೆಸರು, ಬೆಲೆ, ಡಿಡಿ ನಂಬರ್, ಚಕ್ಕುಬಂದಿ. ನಾಲ್ಕು ಸಾಕು. ಆಮೇಲೆ ಪ್ರತಿ ಹಾಳೆಗೂ ಸಹಿ.

ಆರ್‌ಟಿಜಿಎಸ್ ಆದರೆ ಖಾತೆಯಲ್ಲಿ ದುಡ್ಡು ಕಾಣುವ ತನಕ ಒಳಗೆ ಹೋಗಬೇಡಿ. ಅವರ ಮೊಬೈಲಿನ ಸ್ಕ್ರೀನ್‌ಶಾಟ್ ದುಡ್ಡಲ್ಲ, ನಿಮಗೆ ಬಂದ ಮೆಸೇಜೂ ದುಡ್ಡಲ್ಲ. ಬ್ಯಾಂಕಿನ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡಿ. ಡಿಡಿಯಾದರೆ ಅಸಲು ನಿಮ್ಮ ಕೈಯಲ್ಲಿರಬೇಕು. ಬ್ಯಾಂಕಿನವರು "ಒಳಗೆ ಹೆಬ್ಬೆಟ್ಟು ಆಗಲಿ, ಕೊಡ್ತೀವಿ" ಎನ್ನುವುದುಂಟು. ಅವರಿಗೆ ಅವರ ಭಯ. ಹಾಗಾದರೆ ಡಿಡಿ ಹಿಡಿದವರು ಕೌಂಟರಿನಲ್ಲಿ ನಿಮ್ಮ ಪಕ್ಕದಲ್ಲೇ ನಿಲ್ಲಲಿ, ನಿಮ್ಮ ಚೀಲ ನಿಮ್ಮ ಕಂಕುಳಲ್ಲೇ ಇರಲಿ. ಅಧಿಕಾರಿ "ನೀವೇ ಒಪ್ಪಿ ಬರೆದುಕೊಟ್ಟಿದ್ದೀರಾ, ದುಡ್ಡು ಬಂತಾ" ಎಂದು ಕೇಳುತ್ತಾರೆ. ಬಂದಿದ್ದರೆ ಮಾತ್ರ ಬಂತು ಎನ್ನಿ.

ವಯಸ್ಸಾದವರ ಬೆರಳ ಗೆರೆ ಸವೆದಿರುತ್ತದೆ, ಯಂತ್ರ ಹಿಡಿಯುವುದಿಲ್ಲ. ನಮ್ಮ ಅಮ್ಮ ಐದು ಸಲ ಒತ್ತಿದರು. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ ಒತ್ತಿದಾಗ ಬಂತು.

ಮೂಲ ಪತ್ರ ಕೊಡುವುದು ದುಡ್ಡಿನ ಕೆಲಸ ಮುಗಿದ ಮೇಲೆ, ಪಟ್ಟಿಗೆ ಸಹಿ ಪಡೆದು. ಬೀಗದ ಕೈ ಕೊಡುವುದು ಎಲ್ಲಕ್ಕಿಂತ ಕೊನೆಗೆ. ಅದನ್ನು ಕಚೇರಿಯ ಗದ್ದಲದಲ್ಲಿ ಕೊಡುವುದಕ್ಕಿಂತ ಮನೆ ಬಾಗಿಲಲ್ಲೇ ಕೊಡುವುದು ಚೆಂದ. ಡಿಡಿಯನ್ನು ಅವತ್ತೇ ಬ್ಯಾಂಕಿಗೆ ಹಾಕಿ, ಊಟ ಆಮೇಲೆ.

ಬಾಗಿಲು ಹಾಕಿಕೊಳ್ಳುವ ಮುಂಚೆ

ಕರೆಂಟ್ ಮೀಟರ್, ನೀರಿನ ಮೀಟರ್ ರೀಡಿಂಗನ್ನು ಕೊಳ್ಳುವವರ ಎದುರಿಗೇ ಫೋಟೋ ತೆಗೆಯಿರಿ. ಅಲ್ಲಿಯವರೆಗಿನ ಬಿಲ್ ನಿಮ್ಮದು. ಬೆಸ್ಕಾಂನಲ್ಲಿರುವ ನಿಮ್ಮ ಠೇವಣಿಯನ್ನು ಅವರ ಹೆಸರಿಗೆ ಬಿಡುತ್ತೀರಾದರೆ ಅಷ್ಟು ದುಡ್ಡು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಗ್ಯಾಸ್ ಸಂಪರ್ಕ, ಬ್ಯಾಂಕು, ಆಧಾರ್ ವಿಳಾಸ ಬದಲಾಯಿಸುವುದು ಬೇರೆ ಸಾಲು. ಖಾತಾ ಅವರ ಹೆಸರಿಗೆ ಹೋಯಿತಾ ಎಂದು ತಿಂಗಳು ಬಿಟ್ಟು ವಿಚಾರಿಸಿ. ಇಲ್ಲದಿದ್ದರೆ ಮುಂದಿನ ವರ್ಷದ ಕಂದಾಯದ ನೋಟಿಸ್ ನಿಮ್ಮ ಹೆಸರಿಗೇ ಬರುತ್ತದೆ.

ಲಾಭದ ತೆರಿಗೆಗೆ ಆಡಿಟರ್ ಬಳಿ ಹೋಗುವುದನ್ನು ಮುಂದಕ್ಕೆ ಹಾಕಬೇಡಿ. ಎರಡು ವರ್ಷದ ಮೇಲೆ ಇಟ್ಟುಕೊಂಡ ಮನೆಗೆ ತೆರಿಗೆ ಶೇ 12.5. ಇಲ್ಲೇ ವಾಸವಿರುವವರು 2024ರ ಜುಲೈ 23ಕ್ಕೆ ಮುಂಚೆ ಕೊಂಡಿದ್ದರೆ ಹಣದುಬ್ಬರ ಕಳೆದು ಶೇ 20ರ ಹಳೇ ಲೆಕ್ಕವನ್ನೂ ಹಾಕಿ, ಯಾವುದು ಕಮ್ಮಿಯೋ ಅದನ್ನು ಕಟ್ಟಬಹುದು. ಲಾಭವನ್ನು ಇನ್ನೊಂದು ಮನೆಗೆ ಹಾಕಿ ಈ ತೆರಿಗೆ ಉಳಿಸಿಕೊಳ್ಳುವುದಾದರೆ, ಕೊಳ್ಳಲು ಎರಡು ವರ್ಷ, ಕಟ್ಟಿಸಲು ಮೂರು ವರ್ಷ ಸಮಯವಿದೆ. ತೆರಿಗೆ ಉಳಿಸಲೆಂದೇ ಇರುವ ಬಾಂಡಿಗೆ ಹಾಕುವುದಾದರೆ ಮಾತ್ರ ಆರೇ ತಿಂಗಳು, 50 ಲಕ್ಷದ ಮಿತಿ.

ಇನ್ನೊಂದು, ಇದು ಯಾವ ಕಾಯ್ದೆಯಲ್ಲೂ ಇಲ್ಲ. ಮನೆಯ ಒಳಗುಟ್ಟು ಒಂದು ಹಾಳೆಯಲ್ಲಿ ಬರೆದಿಡಿ. ಕಾವೇರಿ ನೀರು ಯಾವ ದಿನ ಬರುತ್ತದೆ, ಸಂಪಿನ ವಾಲ್ವ್ ಯಾವುದು, ಮೋಟರ್ ಎಷ್ಟು ಹೊತ್ತಿಗೆ ನಿಲ್ಲಿಸಬೇಕು, ಹಿತ್ತಲ ಬಾಗಿಲಿನ ಚಿಲಕ ಸ್ವಲ್ಪ ಎತ್ತಿ ಹಾಕಬೇಕು. ನಾನೂ ಬರೆದೆ. ಮೂರನೇ ದಿನ ಹೊಸ ಮನೆಯವರ ಫೋನ್ ಬಂತು. "ಸಾರ್, ಹಾಲು ಉಕ್ಕಿಸಿದ್ವಿ, ಎಲ್ಲ ಚೆನ್ನಾಗಾಯ್ತು. ಸೋಲಾರ್‌ದು ಬಿಸಿನೀರು ಬರ್ತಿಲ್ಲ, ಯಾವ ನಲ್ಲಿ ತಿರುಗಿಸ್ಬೇಕು?" ಅಡುಗೆಮನೆ ಕಪಾಟಿನ ಬಾಗಿಲ ಒಳಗಡೆ ಚೀಟಿ ಅಂಟಿಸಿದ್ದೇನೆ, ಆರನೇ ಸಾಲು ನೋಡಿ ಎಂದೆ.